ದಿಮ್ಮಿ ಯಾವ ಬಂದರಿಗೆ ಹೋಯಿತು? ಜಪಾನ್ ಮತ್ತು ಚೀನಾ ತರಿಸಿಕೊಂಡ ಮರದ ಲೆಕ್ಕ

ಮನೆ ಕಟ್ಟಿಸುವವರು ಬಾಗಿಲಿಗೆ ಮರ ನೋಡಲು ಟಿಂಬರ್ ಡಿಪೊಗೆ ಹೋದರೆ ಮೊದಲು ಕಿವಿಗೆ ಬೀಳುವುದು ದೇಶಗಳ ಹೆಸರು. ಮಲೇಷಿಯಾ ಸಾಲ್, ಘಾನಾ ತೇಗ, ಬರ್ಮಾ ತೇಗ, ನೈಜೀರಿಯಾ ತೇಗ. ಹೊನ್ನೆ, ಮತ್ತಿ, ಬೀಟೆ ಬೆಳೆಯುವ ಘಟ್ಟವನ್ನು ಬೆನ್ನಿಗಿಟ್ಟುಕೊಂಡಿರುವ ಊರಿನಲ್ಲೂ ಚೌಕಟ್ಟಿನ ಮರ ಹಡಗಿನಲ್ಲಿ ಬಂದಿರುತ್ತದೆ. ಬೆಲೆ ಯಾಕೆ ಏರಿತು ಎಂದು ಕೇಳಿದರೆ ‘ಅಲ್ಲಿ ರಫ್ತು ನಿಲ್ಲಿಸಿದ್ದಾರೆ’ ಎನ್ನುತ್ತಾರೆ ಡಿಪೊದವರು. ಆ ‘ಅಲ್ಲಿ’ ಎಲ್ಲಿ, ಯಾಕೆ ನಿಲ್ಲಿಸಿದರು, ನಮಗಿಂತ ಮೊದಲು ಆ ಮರವನ್ನು ಯಾರು ಕೊಳ್ಳುತ್ತಿದ್ದರು?

ಇದಕ್ಕೆ ಉತ್ತರ ಬೇಕಾದರೆ ಎರಡು ದೇಶಗಳ ಆಮದು ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಒಂದು ಜಪಾನ್, ಇನ್ನೊಂದು ಚೀನಾ. 1960ರಿಂದ 1990ರವರೆಗೆ ಉಷ್ಣವಲಯದ ಮರದ ದೊಡ್ಡ ಗಿರಾಕಿ ಜಪಾನ್. ಹೊಸ ಶತಮಾನದಲ್ಲಿ ಆ ಜಾಗಕ್ಕೆ ಬಂದದ್ದು ಚೀನಾ. ಒಂದರ ಗೆರೆ ಇಳಿದಿದೆ, ಇನ್ನೊಂದರ ಗೆರೆ ಏರಿದೆ. ಆದರೆ ಇಳಿದವರು ಕಾಡು ಉಳಿಸಿದರು, ಏರಿದವರು ಕಾಡು ಕಡಿಸಿದರು ಎಂದು ಓದಿಕೊಂಡರೆ ತಪ್ಪಾಗುತ್ತದೆ. ಯಾಕೆ ತಪ್ಪು ಎನ್ನುವುದೇ ಈ ಲೇಖನದ ವಿಷಯ.

ಗಟ್ಟಿಮರ ಎಂದರೆ ಗಟ್ಟಿಯಾದ ಮರವೇ?

ಅಲ್ಲ. ಮರದ ವ್ಯಾಪಾರದಲ್ಲಿ ‘ಹಾರ್ಡ್‌ವುಡ್’ ಅಥವಾ ಗಟ್ಟಿಮರ ಎನ್ನುವುದು ಸಸ್ಯದ ಜಾತಿಗೆ ಕೊಟ್ಟ ಹೆಸರು, ಬಿಗಿತಕ್ಕೆ ಕೊಟ್ಟದ್ದಲ್ಲ. ಅಗಲ ಎಲೆ ಇದ್ದು ಹೂಬಿಟ್ಟು ಕಾಯಿಬಿಡುವ ಮರಗಳೆಲ್ಲ ಗಟ್ಟಿಮರ. ಪೈನ್, ದೇವದಾರುಗಳಂತೆ ಸೂಜಿ ಎಲೆಯ, ಶಂಕುವಿನಾಕಾರದ ಕಾಯಿಯ ಮರಗಳು ಮೆದುಮರ. ಈ ಲೆಕ್ಕದಲ್ಲಿ ತೇಗವೂ ಗಟ್ಟಿಮರ, ಕಾಫಿ ತೋಟದಲ್ಲಿ ಮೆಣಸಿನ ಬಳ್ಳಿಗೆ ಆಸರೆಯಾಗುವ, ಉಗುರಿಟ್ಟರೆ ಗುರುತು ಬೀಳುವ ಹಾಲುವಾಣವೂ ಗಟ್ಟಿಮರವೇ.

ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ನಾಡುಗಳಲ್ಲಿ ಬೆಳೆಯುವಂಥವು ಉಷ್ಣವಲಯದ ಗಟ್ಟಿಮರಗಳು. ಈ ಕಥೆಯಲ್ಲಿ ಮುಖ್ಯ ಪಾತ್ರ ಫಿಲಿಪ್ಪೀನ್ಸ್‌ನವರು ‘ಲವಾನ್’ ಎನ್ನುವ, ಮಲೇಷಿಯಾ ಮತ್ತು ಇಂಡೋನೇಷ್ಯಾದವರು ‘ಮೆರಾಂಟಿ’ ಎನ್ನುವ ಮರಗಳದ್ದು. ಉತ್ತರ ಭಾರತದ ಸಾಲ್ ಮರ, ನಮ್ಮ ಘಟ್ಟದ ಸಾಲುಧೂಪ ಎರಡೂ ಇದೇ ಕುಟುಂಬಕ್ಕೆ ಸೇರಿದವು. ಎತ್ತರಕ್ಕೆ ನೆಟ್ಟಗೆ ಹೋಗುವ ಗುಂಡನೆಯ ಕಾಂಡ, ಕೆಳಗೆ ಕೊಂಬೆಯಿಲ್ಲ, ಗಂಟು ಕಡಿಮೆ. ಪ್ಲೈವುಡ್ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಮರ ಸಿಗುವುದು ಕಷ್ಟ.

ಪ್ಲೈವುಡ್‌ಗೆ ಮರವನ್ನು ಕೊಯ್ಯುವುದಿಲ್ಲ, ಸುಲಿಯುತ್ತಾರೆ. ದಿಮ್ಮಿಯನ್ನು ಎರಡೂ ತುದಿಯಲ್ಲಿ ಹಿಡಿದು ಗರಗರ ತಿರುಗಿಸಿ, ಉದ್ದಕ್ಕೂ ಒಂದು ಅಲಗನ್ನು ಒತ್ತಿ ಹಿಡಿದರೆ, ಸುತ್ತಿಟ್ಟ ಚಾಪೆ ಬಿಡಿಸಿಕೊಂಡ ಹಾಗೆ ತೆಳುವಾದ ಹಾಳೆ ಹೊರಬರುತ್ತಾ ಹೋಗುತ್ತದೆ. ಅದು ವಿನೀರ್. ಒಂದು ಹಾಳೆಯ ಎಳೆ ಉದ್ದಕ್ಕೆ, ಮುಂದಿನದರ ಎಳೆ ಅಡ್ಡಕ್ಕೆ ಬರುವಂತೆ ಅಂಟು ಹಾಕಿ ಒತ್ತಿದರೆ ಪ್ಲೈವುಡ್. ದಿಮ್ಮಿ ಸೊಟ್ಟಗಿದ್ದರೆ, ಗಂಟಿದ್ದರೆ ಹಾಳೆ ತುಂಡಾಗುತ್ತದೆ. ಅದಕ್ಕೇ ಲವಾನ್‌ಗೆ ಅಷ್ಟು ಬೇಡಿಕೆ.

ಒಂದು ಘನ ಮೀಟರ್ ಎಷ್ಟು ದೊಡ್ಡದು?

ಜಗತ್ತಿನ ಮರದ ಲೆಕ್ಕವೆಲ್ಲ ಘನ ಮೀಟರಿನಲ್ಲಿ. ನಮ್ಮ ಡಿಪೊಗಳ ಅಳತೆ ಸಿಎಫ್‌ಟಿ, ಅಂದರೆ ಘನ ಅಡಿ. 1 ಘನ ಮೀಟರಿಗೆ 35 ಸಿಎಫ್‌ಟಿಗಿಂತ ತುಸು ಹೆಚ್ಚು.

ಒಂದು ಬಾಗಿಲ ಚೌಕಟ್ಟನ್ನು ಅಳೆದು ನೋಡೋಣ. ಎರಡು ನಿಲುವು, ಒಂದೊಂದು 7 ಅಡಿ. ಮೇಲಿನ ಅಡ್ಡಪಟ್ಟಿ ಮತ್ತು ಕೆಳಗಿನ ಹೊಸ್ತಿಲು, ಒಂದೊಂದು ಮೂರೂವರೆ ಅಡಿ. ಒಟ್ಟು 21 ಅಡಿ ಉದ್ದ. 5 ಇಂಚು ಅಗಲ, 3 ಇಂಚು ದಪ್ಪದ ಮರವಾದರೆ ಸುಮಾರು 2.2 ಸಿಎಫ್‌ಟಿ. ಅಂದರೆ ಕೊಯ್ದ ಮರ 1 ಘನ ಮೀಟರ್ ಇದ್ದರೆ ಹದಿನಾರು ಚೌಕಟ್ಟು ಆಗುತ್ತವೆ. ಆದರೆ ಇಡೀ ದಿಮ್ಮಿ 1 ಘನ ಮೀಟರ್ ಇದ್ದರೆ ಹದಿನಾರು ಬರುವುದಿಲ್ಲ. ತೊಗಟೆ, ಹೊಟ್ಟು, ಅಂಚಿನ ಹಲಗೆ ಕಳೆದು ಒಂಬತ್ತರಷ್ಟು ಬಂದರೆ ಬಂತು.

ಈ ಹದಿನಾರು ಮತ್ತು ಒಂಬತ್ತರ ನಡುವಿನ ಅಂತರವನ್ನು ನೆನಪಿನಲ್ಲಿಡಿ. ಮುಂದಿನದೆಲ್ಲ ಅದರ ಮೇಲೇ ನಿಂತಿದೆ.

ಭತ್ತ ಕೊಂಡರೋ, ಅಕ್ಕಿ ಕೊಂಡರೋ

ಒಂದು ಮನೆಯವರು ವರ್ಷಕ್ಕೆ 10 ಕ್ವಿಂಟಲ್ ಭತ್ತ ಕೊಂಡು ಮಿಲ್ಲಿಗೆ ಹಾಕಿಸುತ್ತಿದ್ದರು ಎನ್ನಿ. ಮುಂದಿನ ವರ್ಷ ಭತ್ತ ಬಿಟ್ಟು ಆರೂವರೆ ಕ್ವಿಂಟಲ್ ಅಕ್ಕಿಯನ್ನೇ ಕೊಂಡರು. ಚೀಲದ ತೂಕ ಮಾತ್ರ ನೋಡಿದವರಿಗೆ ಆ ಮನೆಯ ಊಟ ಮೂರನೇ ಒಂದು ಭಾಗ ಕಡಿಮೆಯಾದಂತೆ ಕಾಣುತ್ತದೆ. ‘ಭತ್ತ’ ಎಂಬ ಕಲಮನ್ನು ಮಾತ್ರ ನೋಡಿದವರಿಗೆ ಆ ಮನೆಯಲ್ಲಿ ಒಲೆಯೇ ಹೊತ್ತಿಲ್ಲ ಎನಿಸುತ್ತದೆ. ಊಟ ಮಾತ್ರ ಅಷ್ಟೇ ಇದೆ.

ಮರದ ಲೆಕ್ಕದಲ್ಲೂ ಹೀಗೇ ಆಗುತ್ತದೆ. ದಿಮ್ಮಿ, ಕೊಯ್ದ ಮರ, ವಿನೀರ್, ಪ್ಲೈವುಡ್ ಎಂದು ಬೇರೆಬೇರೆ ಕಲಮುಗಳಿವೆ. 1 ಘನ ಮೀಟರ್ ಕೊಯ್ದ ಮರಕ್ಕೆ ಕಾಡಿನಿಂದ ಸುಮಾರು 1.8 ಘನ ಮೀಟರ್ ದಿಮ್ಮಿ ಬೇಕು. 1 ಘನ ಮೀಟರ್ ಪ್ಲೈವುಡ್‌ಗೆ ಸುಮಾರು 2.3 ಘನ ಮೀಟರ್. ಆದ್ದರಿಂದ ಎರಡು ದೇಶಗಳನ್ನು ಹೋಲಿಸುವಾಗ ಎಲ್ಲವನ್ನೂ ಮತ್ತೆ ದಿಮ್ಮಿಯ ಲೆಕ್ಕಕ್ಕೆ ತಿರುಗಿಸಬೇಕು. ಅಕ್ಕಿಯನ್ನು ಭತ್ತದ ಲೆಕ್ಕಕ್ಕೆ ತಂದ ಹಾಗೆ. ಬರೀ ದಿಮ್ಮಿಯ ಕಲಮನ್ನು ನೋಡಿ ತೀರ್ಮಾನಕ್ಕೆ ಬರುವ ವರದಿಗಳು ಬೇಕಾದಷ್ಟಿವೆ, ಅಲ್ಲೇ ಎಡವುವುದು.

ಜಪಾನ್: ಒಂದೊಂದೇ ದ್ವೀಪ ದಾಟಿದ ಬೇಡಿಕೆ

ಜಪಾನ್ ಕಾಡಿಲ್ಲದ ದೇಶವಲ್ಲ. ಅದರ ನೆಲದ ಮೂರನೇ ಎರಡು ಭಾಗ ಈಗಲೂ ಕಾಡು. ಆದರೆ ಯುದ್ಧಕಾಲದಲ್ಲಿ ಮಿತಿಮೀರಿ ಕಡಿದಿದ್ದರು. 1950, 60ರ ದಶಕಗಳಲ್ಲಿ ಬೆಟ್ಟಗಳ ಮೇಲೆ ಸುಗಿ, ಹಿನೊಕಿ ಎಂಬ ಮೆದುಮರದ ಸಸಿಗಳನ್ನು ಭಾರೀ ಪ್ರಮಾಣದಲ್ಲಿ ನೆಟ್ಟರು. ಸಸಿ ಮರವಾಗಲು 40–50 ವರ್ಷ ಬೇಕು. ಊರುಗಳನ್ನು ಮಾತ್ರ ಕೂಡಲೇ ಕಟ್ಟಬೇಕಿತ್ತು. 1960ರ ದಶಕದಲ್ಲಿ ಮರದ ಆಮದಿಗೆ ಬಾಗಿಲು ತೆರೆಯಿತು. ದಿಮ್ಮಿಗೆ ಸುಂಕವಿಲ್ಲ, ಹೊರಗೆ ತಯಾರಾದ ಪ್ಲೈವುಡ್‌ಗೆ ಸುಂಕ ಉಂಟು. ಇದು ಚಿಕ್ಕ ವಿವರದಂತೆ ಕಂಡರೂ ದೊಡ್ಡ ಪರಿಣಾಮ ಮಾಡಿತು. ಕಚ್ಚಾ ಮರ ಹೊರಗಿನಿಂದ ಬರಲಿ, ಅದನ್ನು ಸುಲಿಯುವ ಕೆಲಸ ಜಪಾನಿನ ಕಾರ್ಖಾನೆಗಳಿಗೇ ಸಿಗಲಿ ಎಂಬ ಏರ್ಪಾಟು ಅದು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಭತ್ತ ತರಿಸಿ ಮಿಲ್ಲು ತಾವೇ ನಡೆಸುವುದು.

ಮೊದಲ ಸರದಿ ಫಿಲಿಪ್ಪೀನ್ಸಿನದು. 20ನೆಯ ಶತಮಾನದ ಆರಂಭದಲ್ಲಿ ಮೂರನೇ ಎರಡು ಭಾಗಕ್ಕೂ ಹೆಚ್ಚು ಕಾಡಿದ್ದ ಆ ದೇಶದಲ್ಲಿ ಶತಮಾನ ಮುಗಿಯುವ ಹೊತ್ತಿಗೆ ಉಳಿದದ್ದು ಐದನೇ ಒಂದು ಭಾಗದ ಆಸುಪಾಸು. ಕೃಷಿಗೆ ಕಾಡು ಸವರಿದ್ದೂ ಇದರಲ್ಲಿ ಸೇರಿದೆ, ಎಲ್ಲ ಹೊಣೆಯೂ ಜಪಾನಿನದಲ್ಲ. ಆದರೆ ಮರ ಸಾಗಿಸಲು ಮಾಡಿದ ರಸ್ತೆಯಲ್ಲೇ ಸಾಗುವಳಿದಾರರೂ ಒಳಗೆ ಹೋದರು ಎನ್ನುವುದನ್ನು ಮರೆಯಬಾರದು.

ಅಲ್ಲಿ ಮರ ಕಡಿಮೆಯಾಗುತ್ತಾ ಬಂದಾಗ ಹಡಗುಗಳು ದಕ್ಷಿಣಕ್ಕೆ ತಿರುಗಿದವು. ಇಂಡೋನೇಷ್ಯಾದಲ್ಲಿ ಸುಹಾರ್ತೊ ಸರ್ಕಾರ 1967ರ ನಂತರ, ಬೋರ್ನಿಯೊ ದ್ವೀಪದಲ್ಲಿ ತನಗೆ ಸೇರಿದ ಭಾಗವಾದ ಕಾಲಿಮಂಟಾನಿನ ಕಾಡನ್ನು ಕಂಪನಿಗಳಿಗೆ ಗುತ್ತಿಗೆ ಕೊಡತೊಡಗಿತ್ತು. 1973ರಲ್ಲಿ ಜಪಾನಿನ ಆಮದು ತುತ್ತತುದಿ ಮುಟ್ಟಿತು. ಆ ಒಂದೇ ವರ್ಷ ಉಷ್ಣವಲಯದಿಂದ ಬಂದ ದಿಮ್ಮಿ 2.6 ಕೋಟಿ ಘನ ಮೀಟರಿಗೂ ಹೆಚ್ಚು. ಮೇಲೆ ಅಳೆದ ಚೌಕಟ್ಟಿನ ಲೆಕ್ಕದಲ್ಲಿ 23 ಕೋಟಿ ಬಾಗಿಲಿಗಾಗುವಷ್ಟು. ಅದೇ ವರ್ಷ ಜಪಾನಿನಲ್ಲಿ ಸುಮಾರು 19 ಲಕ್ಷ ಹೊಸ ಮನೆಗಳ ಕೆಲಸ ಶುರುವಾಗಿತ್ತು.

ಆ ಮರ ಬಾಗಿಲಾಗಲಿಲ್ಲ ಎನ್ನುವುದು ನನಗೆ ಇಡೀ ಕಥೆಯಲ್ಲಿ ಅತ್ಯಂತ ನೋವು ಕೊಡುವ ಭಾಗ. ಅದರಲ್ಲಿ ದೊಡ್ಡ ಪಾಲು ಪ್ಲೈವುಡ್ ಆಯಿತು. ಆ ಪ್ಲೈವುಡ್‌ನಲ್ಲಿ ದೊಡ್ಡ ಪಾಲು ನಾವು ಸೆಂಟ್ರಿಂಗ್ ಹಲಗೆ ಎನ್ನುತ್ತೇವಲ್ಲ, ಕಾಂಕ್ರೀಟು ಗಟ್ಟಿಯಾಗುವ ತನಕ ಆನಿಕೆಯಾಗಿ ನಿಲ್ಲಿಸುವ ಹಲಗೆ, ಅದಕ್ಕೆ ಹೋಯಿತು. 12 ಮಿಲಿಮೀಟರ್ ದಪ್ಪ, 3 ಅಡಿಗೆ 6 ಅಡಿಯ ಹಾಳೆ. ಕೆಲವೇ ಬಾರಿ ಬಳಸಿ ಎಸೆಯುವಂಥದ್ದು. ನೂರಾರು ವರ್ಷದ ಮರ ಗೋಡೆಯೊಳಗೂ ಉಳಿಯದೆ, ಗೋಡೆಗೆ ಅಚ್ಚಾಗಿ ನಿಂತು ಮುಗಿದುಹೋಗುತ್ತಿತ್ತು.

ರಫ್ತು ನಿಂತಾಗ ಏನಾಯಿತು?

ಇಂಡೋನೇಷ್ಯಾ 1980ರ ದಶಕದ ಆರಂಭದಿಂದಲೇ ದಿಮ್ಮಿ ರಫ್ತನ್ನು ಹಿಡಿಯುತ್ತಾ ಬಂದು 1985ಕ್ಕೆ ಪೂರ್ತಿ ನಿಲ್ಲಿಸಿತು. ಸುಲಿಯುವ ಕೆಲಸ, ಅದರ ಲಾಭ ತನ್ನ ನೆಲದಲ್ಲೇ ಉಳಿಯಲಿ ಎನ್ನುವುದು ಉದ್ದೇಶ. ಕಾಲಿಮಂಟಾನಿನ ನದಿದಂಡೆಗಳಲ್ಲಿ ಪ್ಲೈವುಡ್ ಕಾರ್ಖಾನೆಗಳು ಎದ್ದವು. 1980ರ ದಶಕದ ಕೊನೆಗೆ ಇಂಡೋನೇಷ್ಯಾ ಉಷ್ಣವಲಯದ ಪ್ಲೈವುಡ್‌ನ ಅತಿದೊಡ್ಡ ಮಾರಾಟಗಾರ, ಜಪಾನ್ ಅದರ ಮುಖ್ಯ ಗಿರಾಕಿ. ಭತ್ತದ ಕಲಮು ಇಳಿಯಿತು, ಅಕ್ಕಿಯ ಕಲಮು ಏರಿತು.

ದಿಮ್ಮಿಯೇ ಬೇಕೆನ್ನುವ ಕಾರ್ಖಾನೆಗಳು ಬೋರ್ನಿಯೊ ದ್ವೀಪದ ಉತ್ತರ ಭಾಗಕ್ಕೆ, ಮಲೇಷಿಯಾದ ಸಬಾ ಮತ್ತು ಸರವಾಕ್ ರಾಜ್ಯಗಳಿಗೆ ತಿರುಗಿದವು. 1987ರಲ್ಲಿ ಸರವಾಕಿನ ಬರಾಮ್ ನದಿಯ ಸೀಮೆಯಲ್ಲಿ ಪೆನಾನ್ ಬುಡಕಟ್ಟಿನವರು ಮರ ಸಾಗಿಸುವ ರಸ್ತೆಗಳಿಗೆ ಅಡ್ಡ ಕುಳಿತರು. ಬೇಟೆ, ಗೆಡ್ಡೆ, ಸಬ್ಬಕ್ಕಿಯಂಥ ತಾಳೆ ಹಿಟ್ಟು, ಎಲ್ಲಕ್ಕೂ ಕಾಡನ್ನೇ ನಂಬಿದ್ದ ಜನ ಅವರು. ಉಷ್ಣವಲಯದ ಮರದ ವ್ಯಾಪಾರಕ್ಕೆಂದೇ ಹುಟ್ಟಿದ ಅಂತರರಾಷ್ಟ್ರೀಯ ಸಂಸ್ಥೆ ಐಟಿಟಿಒದ ಕಚೇರಿ ಜಪಾನಿನ ಯೊಕೊಹಾಮಾದಲ್ಲೇ ಇದೆ. ಅದರ ತಂಡ ಸರವಾಕಿಗೆ ಹೋಗಿ, ಕಡಿತ ಕಡಿಮೆ ಮಾಡಬೇಕೆಂದು ವರದಿ ಕೊಟ್ಟಿತು. 1993ರಲ್ಲಿ ಸಬಾ ದಿಮ್ಮಿ ರಫ್ತಿಗೆ ತಡೆ ಹಾಕಿತು.

ಅಲ್ಲಿಂದ ಮುಂದೆ ಜಪಾನಿನ ಗೆರೆ ಇಳಿದದ್ದಕ್ಕೆ ಒಂದೇ ಕಾರಣವಿಲ್ಲ. ಅಲ್ಲಿನ ಆರ್ಥಿಕತೆಯ ಗುಳ್ಳೆ ಒಡೆಯಿತು, ಜನಸಂಖ್ಯೆಗೆ ವಯಸ್ಸಾಯಿತು. 2009ರಲ್ಲಿ ಹೊಸ ಮನೆಗಳು 8 ಲಕ್ಷಕ್ಕೂ ಕೆಳಗೆ ಬಂದವು. ದೊಡ್ಡ ದಿಮ್ಮಿ ದುಬಾರಿಯಾದಾಗ ಪ್ಲೈವುಡ್ ಕಾರ್ಖಾನೆಗಳು ರಷ್ಯಾದ ಲಾರ್ಚ್ ಮರಕ್ಕೆ ಯಂತ್ರ ಬದಲಿಸಿಕೊಂಡವು. ಅಷ್ಟರಲ್ಲಿ 1950ರ ದಶಕದ ಸುಗಿ ಸಸಿಗಳು ಮರವಾಗಿದ್ದವು, ಸಣ್ಣ ದಿಮ್ಮಿಯನ್ನೂ ಸುಲಿಯುವ ಯಂತ್ರಗಳು ಬಂದಿದ್ದವು. ಹೊಸ ಶತಮಾನದ ಆರಂಭದಲ್ಲಿ ತನಗೆ ಬೇಕಾದ ಮರದಲ್ಲಿ ಐದನೇ ಒಂದು ಭಾಗವನ್ನೂ ಸ್ವಂತ ಕಾಡಿನಿಂದ ಪಡೆಯದಿದ್ದ ಜಪಾನ್, 2020ರ ಹೊತ್ತಿಗೆ ಸುಮಾರು ಶೇ 40ರಷ್ಟನ್ನು ಪಡೆಯುತ್ತಿತ್ತು. ಉಷ್ಣವಲಯದ ದಿಮ್ಮಿಯ ಆಮದು 1973ಕ್ಕೆ ಹೋಲಿಸಿದರೆ ಶೇ 2ಕ್ಕಿಂತಲೂ ಕೆಳಗಿಳಿದಿತ್ತು.

ಪ್ಲೈವುಡ್ ಮಾತ್ರ ಪೂರ್ತಿ ನಿಲ್ಲಲಿಲ್ಲ. 2020ರ ಟೋಕಿಯೊ ಒಲಿಂಪಿಕ್ಸ್‌ಗಾಗಿ ಕಟ್ಟಿದ ಕ್ರೀಡಾಂಗಣಗಳ ಕಾಂಕ್ರೀಟಿಗೂ ಮಲೇಷಿಯಾ, ಇಂಡೋನೇಷ್ಯಾಗಳ ಪ್ಲೈವುಡ್ ಬಳಸಿದ್ದು ಸಂಘಟಕರೇ ಕೊಟ್ಟ ಮಾಹಿತಿಯಲ್ಲಿತ್ತು.

ಚೀನಾ: ನೆರೆಯಿಂದ ಶುರುವಾದ ಆಮದು

1998ರ ಬೇಸಿಗೆಯಲ್ಲಿ ಯಾಂಗ್ಟ್ಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು, ಕೋಟ್ಯಂತರ ಜನ ಮನೆ ಬಿಟ್ಟರು. ನದಿಯ ಮೇಲ್ದಂಡೆಯ ಕಾಡು ಕಡಿದದ್ದೇ ನೆರೆಯನ್ನು ಹೆಚ್ಚಿಸಿತು ಎಂದು ಸರ್ಕಾರ ತೀರ್ಮಾನಿಸಿತು. ಅದೇ ವರ್ಷ ನೈಸರ್ಗಿಕ ಕಾಡಿನ ರಕ್ಷಣಾ ಕಾರ್ಯಕ್ರಮ ಶುರುವಾಯಿತು. ಯಾಂಗ್ಟ್ಸಿ ಮತ್ತು ಹಳದಿ ನದಿಗಳ ಮೇಲ್ಭಾಗದಲ್ಲಿ ಕೊಡಲಿ ನಿಂತಿತು. 2017ರ ಹೊತ್ತಿಗೆ ಇಡೀ ದೇಶದ ನೈಸರ್ಗಿಕ ಕಾಡುಗಳಲ್ಲಿ ವ್ಯಾಪಾರಕ್ಕಾಗಿ ಕಡಿಯುವುದಕ್ಕೆ ನಿಷೇಧ ಬಂತು.

ಕಾಡಿಗೆ ಬೀಗ ಬಿತ್ತು, ಕಾರ್ಖಾನೆಗೆ ಬೀಳಲಿಲ್ಲ. 1999ರಲ್ಲಿ ದಿಮ್ಮಿಯ ಆಮದು ಸುಂಕ ಸೊನ್ನೆಯಾಯಿತು. 2001ರ ಕೊನೆಗೆ ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು. 1997ರಲ್ಲಿ ಎಲ್ಲ ಜಾತಿಯ ದಿಮ್ಮಿ ಸೇರಿ ಅದರ ಆಮದು 45 ಲಕ್ಷ ಘನ ಮೀಟರ್ ಇತ್ತು. 2007ಕ್ಕೆ ಅದು 3.7 ಕೋಟಿ. ಇದರಲ್ಲಿ ಹೆಚ್ಚಿನದು ರಷ್ಯಾದ ಮೆದುಮರ. ಉಷ್ಣವಲಯದ ದಿಮ್ಮಿ ವರ್ಷಕ್ಕೆ 70 ಲಕ್ಷದಿಂದ 1 ಕೋಟಿ ಘನ ಮೀಟರಿನ ನಡುವೆ ಆಡುತ್ತಿತ್ತು. ಅಂದರೆ ಚೀನಾದ ಉಷ್ಣವಲಯದ ದಿಮ್ಮಿಯ ಶಿಖರವನ್ನು ಜಪಾನಿನ 1973ರ ಶಿಖರದ ಪಕ್ಕ ನಿಲ್ಲಿಸಿದರೆ ಅರ್ಧಕ್ಕೂ ಬರುವುದಿಲ್ಲ. ಸುದ್ದಿಗಳಲ್ಲಿ ಚೀನಾದ ಬಗ್ಗೆ ಓದುವವರಿಗೆ ಇದು ನಂಬಲು ಕಷ್ಟ. 1973ರ ಕಾಡು ದೊಡ್ಡದಿತ್ತು, ಬಾಗಿಲು ತೆರೆದಿತ್ತು. ಚೀನಾ ಬರುವ ಹೊತ್ತಿಗೆ ಹಲವು ದೇಶಗಳು ದಿಮ್ಮಿ ರಫ್ತು ನಿಲ್ಲಿಸಿದ್ದವು.

ತೆರೆದಿದ್ದ ಬಾಗಿಲುಗಳೆಂದರೆ ಪಪುವಾ ನ್ಯೂಗಿನಿ, ಸಾಲೊಮನ್ ದ್ವೀಪಗಳು, ಮ್ಯಾನ್ಮಾರ್, ಆಫ್ರಿಕಾದ ಗ್ಯಾಬೊನ್, ಕಾಂಗೊ, ಕ್ಯಾಮರೂನ್. ಪಪುವಾ ನ್ಯೂಗಿನಿ ಮತ್ತು ಸಾಲೊಮನ್ ದ್ವೀಪಗಳ ದಿಮ್ಮಿಯ ಬಹುಪಾಲು ಚೀನಾದ ಬಂದರುಗಳಿಗೇ ಹೋಗುತ್ತಿತ್ತು. ಅಲ್ಲಿಂದ ಬರುವ ಬಿಂಟಂಗೊರ್ ಎಂಬ ಮರ ನಮ್ಮ ಕರಾವಳಿಯ ಸುರಹೊನ್ನೆಯ ಬಳಗದ್ದು. ಅದನ್ನು ಅರ್ಧ ಮಿಲಿಮೀಟರಿಗಿಂತಲೂ ತೆಳುವಾಗಿ ಸುಲಿದು ಪ್ಲೈವುಡ್‌ನ ಮೇಲ್ಮೈಗೆ ಮಾತ್ರ ಅಂಟಿಸುತ್ತಾರೆ. ಒಳಗಿನದು ಚೀನಾದ ರೈತರು ಹೊಲದ ಬದುವಿನಲ್ಲಿ ಬೆಳೆದ ಪಾಪ್ಲರ್. ಜಪಾನ್ ಲವಾನನ್ನು ಒಳಗೂ ಹೊರಗೂ ಬಳಸಿತು, ಚೀನಾ ಉಷ್ಣವಲಯದ ಮರವನ್ನು ಚರ್ಮದಂತೆ ಹೊದಿಸಿತು. ಒಂದೇ ಘನ ಮೀಟರ್ ದಿಮ್ಮಿಯಿಂದ ಹೊರಬರುವ ಹಾಳೆಗಳ ಸಂಖ್ಯೆ ಇದರಿಂದ ಎಷ್ಟೋ ಪಟ್ಟು ಹೆಚ್ಚುತ್ತದೆ. ಕಾಡಿಗೆ ಅದರಿಂದ ಬಿಡುವು ಸಿಕ್ಕಿತೇ ಎಂದರೆ ಇಲ್ಲ, ಹಾಳೆಗಳ ಬೇಡಿಕೆಯೂ ಅಷ್ಟೇ ಹೆಚ್ಚಿತು.

ಕೊಂಡವರು ಒಬ್ಬರು, ಬಳಸಿದವರು ಇನ್ನೊಬ್ಬರು

ಜಪಾನ್ ತರಿಸಿಕೊಂಡ ಮರ ಬಹುಮಟ್ಟಿಗೆ ಜಪಾನಿನಲ್ಲೇ ಮುಗಿಯಿತು. ಚೀನಾದ್ದು ಹಾಗಲ್ಲ. 2000ರ ದಶಕದ ಮಧ್ಯದಲ್ಲಿ ಅದು ಜಗತ್ತಿನ ಅತಿದೊಡ್ಡ ಪೀಠೋಪಕರಣ ರಫ್ತುದಾರ ದೇಶವಾಯಿತು. ಗ್ಯಾಬೊನಿನ ಮರ ಚೀನಾದಲ್ಲಿ ಪ್ಲೈವುಡ್ ಆಗಿ ಲಂಡನ್ನಿನಲ್ಲೋ ಚಿಕಾಗೊದಲ್ಲೋ ಗೋಡೆ ಸೇರಿದರೂ ಆಮದಿನ ಲೆಕ್ಕ ಚೀನಾದ ಹೆಸರಿನಲ್ಲೇ. ಊರಿನ ಹಿಟ್ಟಿನ ಗಿರಣಿಯವನು ಕೊಂಡ ಗೋಧಿಯನ್ನೆಲ್ಲ ಅವನ ಮನೆಯವರೇ ತಿಂದರು ಎಂದಂತೆ ಇದು. ಅಮೆರಿಕ 2008ರಲ್ಲಿ ಲೇಸಿ ಕಾಯ್ದೆಗೆ ತಿದ್ದುಪಡಿ ತಂದು, ಯುರೋಪ್ 2013ರಲ್ಲಿ ತನ್ನ ಮರದ ನಿಯಮ ಜಾರಿಗೊಳಿಸಿ, ಕಳ್ಳಮರ ಎಲ್ಲಿಂದ ಸುತ್ತಿ ಬಂದರೂ ತಮ್ಮ ನೆಲದಲ್ಲಿ ಅಪರಾಧ ಎಂದವು. ಚೀನಾದ ಪರಿಷ್ಕೃತ ಅರಣ್ಯ ಕಾನೂನು ಜಾರಿಗೆ ಬಂದದ್ದು 2020ರ ಜುಲೈಯಲ್ಲಿ. ಅಕ್ರಮವೆಂದು ಗೊತ್ತಿರುವ ಮರವನ್ನು ಕೊಳ್ಳುವುದು, ಸಾಗಿಸುವುದು, ಕೊಯ್ಯುವುದು ಅಲ್ಲೂ ಈಗ ಅಪರಾಧ.

ಒಂದು ಬಗೆಯ ಮರ ಮಾತ್ರ ಚೀನಾದೊಳಗೇ ಉಳಿಯುತ್ತದೆ: ‘ಹೊಂಗ್ಮು’, ಅಂದರೆ ಕೆಂಪು ಮರ. ಮಿಂಗ್, ಚಿಂಗ್ ಅರಸುಕಾಲದ ಶೈಲಿಯ ಕುರ್ಚಿ, ಮಂಚಗಳಿಗೆ ಬೇಕಾಗುವಂಥದ್ದು. ಯಾವ್ಯಾವ ಮರ ಹೊಂಗ್ಮು ಎನಿಸಿಕೊಳ್ಳುತ್ತದೆ ಎಂದು ಚೀನಾ ಸರ್ಕಾರ 2000ದಲ್ಲಿ 33 ಜಾತಿಗಳ ಪಟ್ಟಿ ಮಾಡಿತು. ಅದರಲ್ಲಿ ನಮ್ಮ ಬೀಟೆ ಇದೆ. ಆಂಧ್ರದ ಶೇಷಾಚಲಂ ಬೆಟ್ಟದ ರಕ್ತಚಂದನವೂ ಇದೆ. ರಕ್ತಚಂದನದ ಕಳ್ಳಸಾಗಣೆಯ ಸುದ್ದಿ ಪತ್ರಿಕೆಗಳಲ್ಲಿ ಬಂದಾಗಲೆಲ್ಲ ಅದರ ಇನ್ನೊಂದು ತುದಿಯಲ್ಲಿರುವುದು ಈ ಬೇಡಿಕೆ. ಘನ ಮೀಟರಿನ ಲೆಕ್ಕದಲ್ಲಿ ಹೊಂಗ್ಮು ಸಣ್ಣದು, ಬೆಲೆಯಲ್ಲಿ ಬಲು ದೊಡ್ಡದು. ಲಾವೋಸ್, ಕಾಂಬೋಡಿಯಾಗಳ ಮರ ಬರಿದಾದಾಗ ಬೇಡಿಕೆ ಪಶ್ಚಿಮ ಆಫ್ರಿಕಾಕ್ಕೆ ಹೋಯಿತು. 2017ರ ಜನವರಿಯಿಂದ ಬೀಟೆಯ ಕುಲದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಬೇಕು.

ಇನ್ನೊಂದು ಮಾತು ಹೇಳಲೇಬೇಕು. ಚೀನಾ ತರಿಸುವ ಕೊಯ್ದ ಮರದಲ್ಲಿ ದೊಡ್ಡ ಪಾಲು ಥಾಯ್ಲೆಂಡಿನ ರಬ್ಬರ್ ಮರ. ಹಾಲು ನಿಂತ ಮೇಲೆ ಕಡಿಯುವ ತೋಟದ ಮರ. ಸುಳ್ಯ, ಪುತ್ತೂರಿನವರಿಗೆ ಇದನ್ನು ವಿವರಿಸಬೇಕಿಲ್ಲ. ಅದೂ ಲೆಕ್ಕದಲ್ಲಿ ‘ಉಷ್ಣವಲಯದ ಗಟ್ಟಿಮರ’ವೇ. ಅಂಕಿ ಏರಿದ್ದೆಲ್ಲ ಕಾಡು ಕಡಿದದ್ದಲ್ಲ ಎನ್ನುವುದಕ್ಕೆ ಇದು ಉದಾಹರಣೆ.

ಹಾಗಾದರೆ ನಮ್ಮ ಡಿಪೊದ ಮರ?

ಉಷ್ಣವಲಯದ ದಿಮ್ಮಿಯನ್ನು ಹೆಚ್ಚು ಕೊಳ್ಳುವ ದೇಶಗಳಲ್ಲಿ ಭಾರತವೂ ಒಂದು. ಗುಜರಾತಿನ ಕಾಂಡ್ಲಾ ಇದರ ದೊಡ್ಡ ಬಾಗಿಲು, ಮಂಗಳೂರು ಬಂದರಿಗೂ ದಿಮ್ಮಿ ಬರುತ್ತದೆ. 2010ರ ದಶಕದಲ್ಲಿ ಸರವಾಕಿನ ದಿಮ್ಮಿಗೆ ಮುಖ್ಯ ಗಿರಾಕಿ ನಾವೇ. ಜಪಾನಿನ ಗೆರೆ ಇಳಿದ ಜಾಗದಲ್ಲಿ ನಮ್ಮ ಗೆರೆ ಏರಿತ್ತು. 2014ರ ಏಪ್ರಿಲ್ 1ರಿಂದ ಮ್ಯಾನ್ಮಾರ್ ದಿಮ್ಮಿ ರಫ್ತು ನಿಲ್ಲಿಸಿದ ಮೇಲೆ ಬರ್ಮಾ ತೇಗದ ಬೆಲೆ ಏರಿದ್ದು, ಡಿಪೊಗಳಲ್ಲಿ ಘಾನಾ, ನೈಜೀರಿಯಾಗಳ ಹೆಸರು ಹೆಚ್ಚು ಕೇಳತೊಡಗಿದ್ದು ಅದಕ್ಕೇ. ತೇಗ ತಾನಾಗಿ ಬೆಳೆಯುವುದು ಭಾರತ, ಮ್ಯಾನ್ಮಾರ್, ಥಾಯ್ಲೆಂಡ್, ಲಾವೋಸ್‌ಗಳಲ್ಲಿ ಮಾತ್ರ. ಘಾನಾದ್ದು ನೆಟ್ಟು ಬೆಳೆಸಿದ ತೋಟದ ತೇಗ.

ಗ್ಯಾಬೊನ್ 2010ರಲ್ಲಿ ದಿಮ್ಮಿ ರಫ್ತು ನಿಲ್ಲಿಸಿತು. ಇಂಡೋನೇಷ್ಯಾ 1985ರಲ್ಲಿ ಮಾಡಿದ್ದೂ ಇದನ್ನೇ. ರಾಜಧಾನಿ ಲಿಬ್ರವಿಲ್ ಹತ್ತಿರದ ನ್ಕೋಕ್ ಎಂಬಲ್ಲಿ ವಿಶೇಷ ಆರ್ಥಿಕ ವಲಯ ಎದ್ದಿತು. ಅಲ್ಲಿ ಮರ ಸುಲಿಯುವ ಕಾರ್ಖಾನೆಗಳಲ್ಲಿ ಭಾರತೀಯರವೂ, ಚೀನೀಯರವೂ ಇವೆ. ಒಕುಮೆ ಎಂಬ ಗುಲಾಬಿ ಬಣ್ಣದ ಮರ ಅಲ್ಲಿ ಹಾಳೆಯಾಗಿ, ಕಂಟೇನರಿನಲ್ಲಿ ಭಾರತಕ್ಕೆ ಬರುತ್ತದೆ. ಇಲ್ಲಿ ನೀಲಗಿರಿ, ಪಾಪ್ಲರ್ ತಿರುಳಿನ ಮೇಲೆ ಅಂಟಿ ನಮ್ಮ ಕಪಾಟು, ಅಡುಗೆಮನೆಯ ಪ್ಲೈವುಡ್ ಆಗುತ್ತದೆ. ಭಾರತದ ಆಮದು ಪಟ್ಟಿಯಲ್ಲಿ ‘ದಿಮ್ಮಿ’ಯ ಕಲಮಿನಲ್ಲಿ ಅದನ್ನು ಹುಡುಕಿದರೆ ಸಿಗುವುದಿಲ್ಲ. ಅದು ಇರುವುದು ‘ವಿನೀರ್’ ಎಂಬ ಕಲಮಿನಲ್ಲಿ.